ಆತಿಥ್ಯೋದ್ಯಮದಲ್ಲಿ ಬೇಡಿಕೆ ಮತ್ತು ಪೂರೈಕೆ

ಆತಿಥ್ಯೋದ್ಯಮದಲ್ಲಿ ಬೇಡಿಕೆ ಮತ್ತು ಪೂರೈಕೆ ಎಂಬುದು ಹೋಟೆಲ್ ಕೊಠಡಿ ಹಾಗೂ ಸಮ್ಮೇಳನ ಸಭಾಂಗಣಗಳ ಲಭ್ಯತೆಗೂ ಅವುಗಳನ್ನು ಬಯಸುವವರ ಸಂಖ್ಯೆಗೂ ಇರುವ ಸಂಬಂಧವನ್ನು ಸೂಚಿಸುತ್ತದೆ. ಈ ಉದ್ಯಮದ ಸರಕನ್ನು ದಾಸ್ತಾನು ಮಾಡಿಡಲಾಗದು. ಭತ್ತವನ್ನು ಕಣಜದಲ್ಲಿರಿಸಿ ಬೆಲೆ ಬಂದಾಗ ಮಾರಬಹುದು. ಒಂದು ರಾತ್ರಿ ಖಾಲಿ ಉಳಿದ ಕೊಠಡಿಯ ಆದಾಯವಾದರೋ ಮತ್ತೆ ದೊರೆಯುವುದಿಲ್ಲ. ಹೊಸ ಹೋಟೆಲ್ ಕಟ್ಟಲು ವರ್ಷಗಳೇ ಹಿಡಿಯುತ್ತವೆ; ಬೇಡಿಕೆ ದಿನದಿಂದ ದಿನಕ್ಕೆ ಬದಲಾಗುತ್ತದೆ.

ಇದಕ್ಕೆ ಬೆಂಗಳೂರು ಉತ್ತಮ ನಿದರ್ಶನ. 1996ರಲ್ಲಿ ಆರಂಭವಾದ ಏರೋ ಇಂಡಿಯಾ ವೈಮಾನಿಕ ಪ್ರದರ್ಶನವು ಸಾಮಾನ್ಯವಾಗಿ ಎರಡು ವರ್ಷಗಳಿಗೊಮ್ಮೆ ಯಲಹಂಕ ವಾಯುನೆಲೆಯಲ್ಲಿ ನಡೆಯುತ್ತದೆ. 2023 ಮತ್ತು 2025ರ ಪ್ರದರ್ಶನಗಳು ತಲಾ ಐದು ದಿನ ನಡೆದವು. ಇಷ್ಟು ಅಲ್ಪಾವಧಿಯ ದಟ್ಟಣೆಯನ್ನು ನಂಬಿ ಯಾರೂ ಹೋಟೆಲ್ ಕಟ್ಟಲಾರರು. ಕೊಠಡಿಗಳ ಸಂಖ್ಯೆ ಅಷ್ಟೇ ಉಳಿಯುವುದರಿಂದ ಬಾಡಿಗೆ ಏರುತ್ತದೆ. ಪ್ರದರ್ಶನದ ಗೊಡವೆಯೇ ಇಲ್ಲದೆ, ಚಿಕಿತ್ಸೆಗೋ ಉದ್ಯೋಗದ ಸಂದರ್ಶನಕ್ಕೋ ಬಂದವರೂ ಈ ಹೊರೆಯನ್ನು ಹೊರಬೇಕಾಗುತ್ತದೆ.

ವ್ಯಾಪಾರ ಪ್ರವಾಸಿಗರನ್ನೇ ಅವಲಂಬಿಸಿದ ಹೋಟೆಲುಗಳಲ್ಲಿ ವಾರಾಂತ್ಯದಂದು ಕೊಠಡಿಗಳು ತೆರವಾಗುವುದುಂಟು. ಆಗ ಸಭಾಂಗಣಗಳನ್ನು ಮದುವೆ, ಆರತಕ್ಷತೆಗಳಿಗೆ ಬಾಡಿಗೆಗೆ ಕೊಡುವುದು ರೂಢಿ. ಆದರೆ ಅವು ಮುಹೂರ್ತವನ್ನು ಅನುಸರಿಸುವುದರಿಂದ ಆಷಾಢಮಾಸದಲ್ಲಿ ಈ ಆದಾಯವೂ ಕುಗ್ಗುತ್ತದೆ.

2020ರ ಮಾರ್ಚ್‌ನಲ್ಲಿ ಕೋವಿಡ್ ಲಾಕ್‌ಡೌನ್ ಜಾರಿಯಾದಾಗ ಕಟ್ಟಡಗಳು ಹಾಗೆಯೇ ಉಳಿದು ಬೇಡಿಕೆ ಒಮ್ಮೆಗೇ ನಿಂತಿತು. ಅಡುಗೆಯವರು, ಮಾಣಿಗಳು ಊರಿಗೆ ಮರಳಿದರು. ಬೇಡಿಕೆ ಚೇತರಿಸಿಕೊಂಡಾಗ ಕೊಠಡಿಗಳು ಸಿದ್ಧವಿದ್ದರೂ ಪಳಗಿದ ಕೆಲಸಗಾರರ ಕೊರತೆ ಕಾಣಿಸಿಕೊಂಡಿತು.