ಎರಡು ದಿನದಲ್ಲಿ ಉತ್ತರ ಹೇಳಿದ ಬ್ಯಾಕ್ಟೀರಿಯಾ

1964ರ ಸುಮಾರಿಗೆ ಅಮೆರಿಕದ ಜೀವರಸಾಯನ ವಿಜ್ಞಾನಿ ಬ್ರೂಸ್ ಏಮ್ಸ್ ಆಲೂಗಡ್ಡೆ ಚಿಪ್ಸ್ ಪೊಟ್ಟಣದ ಮೇಲಿದ್ದ ಪದಾರ್ಥಗಳ ಪಟ್ಟಿ ಓದುತ್ತಿದ್ದರು. ಕೆಡದಿರಲೆಂದು ಬೆರೆಸಿದ ಈ ರಾಸಾಯನಿಕಗಳು ಮನುಷ್ಯನ ವಂಶವಾಹಿಗಳಿಗೆ ಏನು ಮಾಡುತ್ತವೆ ಎಂಬ ಪ್ರಶ್ನೆ ಅವರನ್ನು ಹಿಡಿದುಕೊಂಡಿತು. ಉತ್ತರ ಸುಲಭವಿರಲಿಲ್ಲ. ಒಂದೇ ಒಂದು ರಾಸಾಯನಿಕ ಕ್ಯಾನ್ಸರ್ ತರುತ್ತದೆಯೇ ಎಂದು ತಿಳಿಯಲು ನೂರಾರು ಇಲಿಗಳ ಮೇಲೆ ಎರಡು ವರ್ಷ ಪ್ರಯೋಗ ನಡೆಸಬೇಕಿತ್ತು.

ಏಮ್ಸ್ ಅವರಿಗೆ ಚೆನ್ನಾಗಿ ಗೊತ್ತಿದ್ದದ್ದು ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ. ಹಿಸ್ಟಿಡಿನ್ ಎಂಬ ಅಮೈನೊ ಆಮ್ಲವನ್ನು ತಾನೇ ತಯಾರಿಸಿಕೊಳ್ಳಲಾಗದ, ವಂಶವಾಹಿ ಕೆಟ್ಟ ತಳಿಯೊಂದನ್ನು ಅವರು ಆರಿಸಿಕೊಂಡರು. ಹಿಸ್ಟಿಡಿನ್ ಸಿಗದ ತಟ್ಟೆಯಲ್ಲಿ ಇಂಥವು ಕೋಟಿಗಟ್ಟಲೆ ಇದ್ದರೂ ಬಹುತೇಕ ಬೆಳೆಯುವುದಿಲ್ಲ. ಡಿಎನ್‌ಎಯನ್ನು ಬದಲಿಸುವ ರಾಸಾಯನಿಕ ಸೋಕಿದರೆ ಇನ್ನೂ ಹೆಚ್ಚಿನವುಗಳಲ್ಲಿ ಕೆಟ್ಟ ವಂಶವಾಹಿ ಆಕಸ್ಮಿಕವಾಗಿ ಸರಿಹೋಗುತ್ತದೆ. ಅವು ಬೆಳೆದು ಕಣ್ಣಿಗೆ ಕಾಣುವ ಚುಕ್ಕಿಗಳಾಗುತ್ತವೆ. ಎರಡು ದಿನ ಬಿಟ್ಟು ಚುಕ್ಕಿ ಎಣಿಸಿದರೆ ಸಾಕು.

ಒಂದು ತೊಡಕಿತ್ತು. ಎಷ್ಟೋ ವಸ್ತುಗಳು ಇದ್ದ ಹಾಗೇ ಅಪಾಯಕಾರಿಯಲ್ಲ. ಅವನ್ನು ಹೊರಹಾಕಲು ಹೊರಟ ನಮ್ಮ ಯಕೃತ್ತೇ ಅವನ್ನು ವಿಷವಾಗಿಸುತ್ತದೆ. ಬ್ಯಾಕ್ಟೀರಿಯಾಕ್ಕೆ ಯಕೃತ್ತೆಲ್ಲಿ? ಬರ್ಕ್ಲಿಯಲ್ಲಿದ್ದ ಏಮ್ಸ್ ತಂಡ ಇಲಿಯ ಯಕೃತ್ತನ್ನು ಅರೆದು, ಅದರ ಸಾರವನ್ನು ತಟ್ಟೆಗೆ ಸೇರಿಸಿತು. 1973ರಲ್ಲಿ ಪ್ರಕಟವಾದ ಈ ವಿಧಾನವೇ ‘ಏಮ್ಸ್ ಪರೀಕ್ಷೆ’. 1975ರಲ್ಲಿ ಅಂಗಡಿಯಲ್ಲಿ ಸಿಗುವ 169 ಬಗೆಯ ಕೂದಲ ಬಣ್ಣಗಳನ್ನು ಪರೀಕ್ಷಿಸಿದಾಗ 150 ಡಿಎನ್‌ಎ ಬದಲಿಸುವಂಥವೆಂದು ಕಂಡುಬಂತು.

ಮುಂದಿನ ಸರದಿ ಮಕ್ಕಳ ರಾತ್ರಿ ಉಡುಪಿನದು. ಬೆಂಕಿ ತಗುಲಿದರೂ ಉರಿಯಬಾರದೆಂಬ ಕಾನೂನು ಪಾಲಿಸಲು ಅಮೆರಿಕದ ತಯಾರಕರು ಬಟ್ಟೆಗೆ ‘ಟ್ರಿಸ್’ ಎಂಬ ರಾಸಾಯನಿಕ ಸೇರಿಸುತ್ತಿದ್ದರು. ಅದು ಡಿಎನ್‌ಎ ಕೆಡಿಸುತ್ತದೆ, ಮಕ್ಕಳ ಬಟ್ಟೆಯಲ್ಲಿ ಇರಕೂಡದು ಎಂದು 1977ರ ಜನವರಿಯಲ್ಲಿ ಆರ್ಲೀನ್ ಬ್ಲಮ್ ಮತ್ತು ಏಮ್ಸ್ ಬರೆದರು. (ಮರುವರ್ಷ ಅನ್ನಪೂರ್ಣಾ ಶಿಖರಕ್ಕೆ ಮಹಿಳೆಯರ ತಂಡವನ್ನು ಕರೆದೊಯ್ದವರು ಇದೇ ಬ್ಲಮ್.) ಇಲಿಗಳ ಮೇಲಿನ ಪ್ರಯೋಗಗಳೂ ಕ್ಯಾನ್ಸರನ್ನೇ ತೋರಿಸಿದವು. ಏಪ್ರಿಲ್‌ನಲ್ಲಿ ನಿಷೇಧ ಬಂತು. ಆದರೆ ಮಾರಾಟವಾಗದೆ ಉಳಿದ ಉಡುಪುಗಳನ್ನು ಹೊರದೇಶಗಳಿಗೆ ಸಾಗಿಸಲಾಯಿತು. ಆ ರಫ್ತಿಗೆ ತಡೆ ಬಿದ್ದದ್ದು 1978ರಲ್ಲಿ.

ಪರಿಸರವಾದಿಗಳಿಗೆ ಏಮ್ಸ್ ನಾಯಕರಾದರು. ಆ ಪಟ್ಟ ಬಹುಕಾಲ ಉಳಿಯಲಿಲ್ಲ. ಕೀಟಗಳನ್ನು ತಡೆಯಲು ಗಿಡಗಳೇ ತಯಾರಿಸಿಕೊಳ್ಳುವ ಸಹಜ ರಾಸಾಯನಿಕಗಳಲ್ಲೂ, ಪರೀಕ್ಷಿಸಿದವುಗಳ ಪೈಕಿ ಸುಮಾರು ಅರ್ಧದಷ್ಟು, ಭಾರೀ ಪ್ರಮಾಣದಲ್ಲಿ ಕೊಟ್ಟಾಗ ಇಲಿಗಳಿಗೆ ಕ್ಯಾನ್ಸರ್ ತರುತ್ತವೆ ಎಂದು 1990ರಲ್ಲಿ ಅವರ ತಂಡ ತೋರಿಸಿತು. ಹಾಗಾಗಿ ತರಕಾರಿಯಲ್ಲಿ ಉಳಿದ ಅತಿ ಸಣ್ಣ ಪ್ರಮಾಣದ ಕೀಟನಾಶಕಕ್ಕೆ ಹೆದರುವುದಕ್ಕಿಂತ ಹೊಗೆಸೊಪ್ಪು ಬಿಟ್ಟು, ಹಣ್ಣು ತರಕಾರಿ ತಿನ್ನಿ ಎಂದರು. ಹಳೆಯ ಬೆಂಬಲಿಗರು ಸಿಟ್ಟಾದರು.

ಪರೀಕ್ಷೆಗೂ ಅದರ ಮಿತಿಯಿದೆ. ಡಿಎನ್‌ಎಯನ್ನು ನೇರವಾಗಿ ಮುಟ್ಟದೆ ಕ್ಯಾನ್ಸರ್ ತರುವ ವಸ್ತುಗಳು ಅದರ ಕಣ್ಣು ತಪ್ಪಿಸುತ್ತವೆ. ಕಲ್ನಾರು ಹಾಗೆ ತಪ್ಪಿಸಿಕೊಂಡದ್ದೇ. ಎಷ್ಟು ಪ್ರಮಾಣ ಎಷ್ಟು ಅಪಾಯ ಎಂಬುದನ್ನೂ ಚುಕ್ಕಿಗಳು ಹೇಳಲಾರವು. ಏಮ್ಸ್ 2024ರಲ್ಲಿ ತೀರಿಕೊಂಡರು. ಹೊಸ ಔಷಧಿ ಮನುಷ್ಯನ ಬಾಯಿಗೆ ಬರುವ ಮೊದಲು ಇಂದಿಗೂ ಆ ತಟ್ಟೆಯನ್ನು ದಾಟಿ ಬರಬೇಕು.