ಮೂಲೆ ಸೇರಿದ ಕಾಲು

ಪುಣೆಯ ಕೃತಕ ಅಂಗ ಕೇಂದ್ರದಿಂದ ಹಾಕಿಸಿಕೊಂಡು ಬಂದ ಕಾಲು ದುಬಾರಿಯದು, ಗಟ್ಟಿಮುಟ್ಟಾದದ್ದು. ಆದರೂ ರಾಜಸ್ಥಾನದ ಹಳ್ಳಿಗರು ಅದನ್ನು ಮೂಲೆಗಿಟ್ಟು ಮತ್ತೆ ಊರುಗೋಲು ಹಿಡಿಯುತ್ತಿದ್ದರು. 1960ರ ದಶಕದಲ್ಲಿ ಜೈಪುರದ ಸವಾಯಿ ಮಾನಸಿಂಗ್ ಆಸ್ಪತ್ರೆಯ ಮೂಳೆ ವಿಭಾಗ ನೋಡಿಕೊಳ್ಳುತ್ತಿದ್ದ ಡಾ. ಪಿ.ಕೆ. ಸೇಥಿಯವರಿಗೆ ಇದು ಒಗಟಾಯಿತು. ಆಪರೇಷನ್ ಸರಿಯಾಗಿತ್ತು, ಗಾಯ ಮಾದಿತ್ತು. ರೋಗಿ ಮಾತ್ರ ನಡೆಯುತ್ತಿರಲಿಲ್ಲ.

ಕಾರಣ ಮನೆಯಲ್ಲಿತ್ತು, ಹೊಲದಲ್ಲಿತ್ತು. ಪಾಶ್ಚಾತ್ಯ ಮಾದರಿಯ ಆ ಪಾದಕ್ಕೆ ಮೇಲೊಂದು ಬೂಟು ಬೇಕೇ ಬೇಕು. ಬೂಟು ಹಾಕಿಕೊಂಡು ಅಡುಗೆಮನೆಗೆ ಹೋಗುವುದು ಹೇಗೆ, ಗುಡಿಯ ಹೊಸಿಲು ದಾಟುವುದು ಹೇಗೆ? ನೀರು ಕಟ್ಟಿದ ಗದ್ದೆಗೆ ಇಳಿದರೆ ಅದು ಹಾಳು. ಕುರ್ಚಿಯ ಮೇಲೆ ಕೂತು ಬದುಕುವವರಿಗೆ ರೂಪಿಸಿದ್ದರಿಂದ ಕಣಕಾಲು ಬಾಗದು; ಕುಕ್ಕರಗಾಲಿನಲ್ಲಿ ಕೂರಲಾಗದು, ಉಣ್ಣಲು ಚಕ್ಕಳಮಕ್ಕಳ ಹಾಕಲೂ ಆಗದು.

ಒಗಟು ಬಿಡಿಸಲು ಜೊತೆಯಾದವರು ಅದೇ ಆಸ್ಪತ್ರೆಯಲ್ಲಿ ಕರಕುಶಲ ಕಲಿಸುತ್ತಿದ್ದ ರಾಮಚಂದ್ರ ಶರ್ಮಾ. ಸೇಥಿ ಎಡಿನ್‌ಬರೋದಲ್ಲಿ ಎಫ್‌ಆರ್‌ಸಿಎಸ್ ಮಾಡಿಬಂದವರು. ಎಲ್ಲರ ಬಾಯಲ್ಲೂ ‘ಮಾಸ್ಟರ್‌ಜಿ’ಯಾಗಿದ್ದ ಶರ್ಮಾರ ಓದು ಪ್ರಾಥಮಿಕ ಶಾಲೆಗೇ ನಿಂತಿತ್ತು. ಆದರೆ ಕೆತ್ತನೆ ಅವರ ಕೈಗೆ ಒಲಿದಿತ್ತು. ಟೈರಿಗೆ ಹೊಸ ರಬ್ಬರ್ ಹಾಕುವ ಊರಿನ ಅಂಗಡಿಯವರ ನೆರವೂ ಸಿಕ್ಕಿತು. ಸ್ಪಂಜು ರಬ್ಬರ್ ಮತ್ತು ಮರದ ತುಂಡುಗಳನ್ನು ಜೋಡಿಸಿ, ಮೇಲೆ ರಬ್ಬರ್ ಸುತ್ತಿ, ಅಚ್ಚಿನಲ್ಲಿಟ್ಟು ಬೇಯಿಸಿದಾಗ ಬೆರಳುಗಳಿರುವ, ಕಂದು ಬಣ್ಣದ, ಎತ್ತ ಬೇಕಾದರತ್ತ ಬಾಗುವ ಪಾದ ಸಿದ್ಧವಾಯಿತು. 1968ರ ಹೊತ್ತಿಗೆ ಅದು ‘ಜೈಪುರ ಕಾಲು’. ಕೆಸರಿಗೂ ಸರಿ, ಬರಿಗಾಲಿಗೂ ಸರಿ.

ಇಷ್ಟಾದರೂ ಮುಂದಿನ ಏಳು ವರ್ಷಗಳಲ್ಲಿ ಅದು ದಕ್ಕಿದ್ದು ಬೆರಳೆಣಿಕೆಯ ಜನಕ್ಕೆ. ಪಾದವೇನೋ ಬಂತು, ಬಸ್ ಚಾರ್ಜು ಎಲ್ಲಿಂದ ಬರಬೇಕು? ಕಾಲು ತಯಾರಾಗುವವರೆಗೆ ಪರವೂರಿನಲ್ಲಿ ತಂಗಬೇಕು, ಜೊತೆಗೆ ಬಂದವರ ಕೂಲಿಯೂ ಹೋಗುತ್ತದೆ.

ಈ ಗಂಟನ್ನು ಬಿಚ್ಚಿದವರು ಐಎಎಸ್ ಅಧಿಕಾರಿ ಡಿ.ಆರ್. ಮೆಹ್ತಾ. ಮುಂದೆ ಸೆಬಿ ಅಧ್ಯಕ್ಷರಾಗಿ ಹೆಸರಾದ ಇವರು, 1969ರ ರಸ್ತೆ ಅಪಘಾತದಲ್ಲಿ ತಮ್ಮದೇ ಕಾಲು ಕಳೆದುಕೊಳ್ಳುವುದರಲ್ಲಿದ್ದರು. 1975ರಲ್ಲಿ ಅವರು ಕಟ್ಟಿದ ಭಗವಾನ್ ಮಹಾವೀರ ವಿಕಲಾಂಗ ಸಹಾಯತಾ ಸಮಿತಿ ಕಾಲನ್ನು ಪುಕ್ಕಟೆ ಕೊಟ್ಟಿತು. ಯಾವ ಹೊತ್ತಿಗೆ ಬಂದರೂ ಒಳಗೆ ಕರೆದುಕೊಂಡಿತು, ಊಟ ಹಾಕಿ ಮಲಗಲು ಜಾಗ ಕೊಟ್ಟಿತು. ನೂರರ ಲೆಕ್ಕ ದಾಟದಿದ್ದ ಕಾಲುಗಳು ಲಕ್ಷಗಳಿಗೇರಿದವು. ಅಫ್ಘಾನಿಸ್ತಾನದಲ್ಲಿ ನೆಲಬಾಂಬಿಗೆ ಕಾಲು ತೆತ್ತವರೂ ಇದನ್ನು ತೊಟ್ಟು ನಡೆದರು. ಅಪಘಾತದಲ್ಲಿ ಕಾಲು ಕಳೆದುಕೊಂಡ ನರ್ತಕಿ ಸುಧಾ ಚಂದ್ರನ್ ಇದರಲ್ಲೇ ಮತ್ತೆ ಗೆಜ್ಜೆ ಕಟ್ಟಿದರು.

ಯಾರು ಬೇಕಾದರೂ ಮಾಡಿಕೊಳ್ಳಲಿ ಎಂದು ಸೇಥಿ ಇದಕ್ಕೆ ಪೇಟೆಂಟ್ ಪಡೆಯಲಿಲ್ಲ. 1981ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು, ಪದ್ಮಶ್ರೀಯೂ ಬಂತು. ಪಾದ ಕೆತ್ತಿದ ಮಾಸ್ಟರ್‌ಜಿಯ ಹೆಸರು ಆ ಎರಡೂ ಪಟ್ಟಿಯಲ್ಲಿ ಇರಲಿಲ್ಲ.