ಡಿಕ್ಕಿಯ ನಂತರದ ಹೊಣೆ: ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯ ಪ್ರಾಣಿಗಳು ಮತ್ತು ವಾಹನ ಕಾನೂನು

ಕೊಳ್ಳೇಗಾಲದಿಂದ ಹನೂರು, ಕೌದಳ್ಳಿ ದಾಟಿ ತಾಳುಬೆಟ್ಟದ ಘಟ್ಟ ಹತ್ತುವ ರಸ್ತೆ ಊರು, ಹೊಲಗಳನ್ನು ಹಾದು 2013ರಲ್ಲಿ ಘೋಷಣೆಯಾದ ಮಲೆ ಮಹದೇಶ್ವರ ವನ್ಯಜೀವಿಧಾಮವನ್ನು ಸೇರುತ್ತದೆ. ಯಳಂದೂರಿನಿಂದ ಹೊರಟ ದಾರಿ ಗುಂಬಳ್ಳಿ ಚೆಕ್‌ಪೋಸ್ಟ್ ದಾಟಿ ಬಿಳಿಗಿರಿರಂಗನಬೆಟ್ಟದ ಕಾಡಿಗೆ ಹೋಗುತ್ತದೆ. ಅದು 2011ರಿಂದ ಹುಲಿ ಸಂರಕ್ಷಿತ ಪ್ರದೇಶ. ಈ ದಾರಿಗಳಲ್ಲಿ ಒಂದೇ ಪ್ರಯಾಣದಲ್ಲಿ ಬೀದಿನಾಯಿ, ಉಳುವ ಎತ್ತು, ಕುರಿಮಂದೆ, ಜಿಂಕೆ, ಆನೆ ಎಲ್ಲವೂ ಎದುರಾಗಬಹುದು. ಇವುಗಳಲ್ಲಿ ಯಾವುದಕ್ಕಾದರೂ ಗಾಡಿ ಗುದ್ದಿದರೆ ಚಾಲಕನ ಕಾನೂನುಬದ್ಧ ಕರ್ತವ್ಯವೇನು? ಆ ಕರ್ತವ್ಯವನ್ನು ನಿರ್ಧರಿಸುವುದು ಬಹುಪಾಲು ಪ್ರಾಣಿಯ ಒಡೆತನ. ಅದು ಬಿದ್ದು ನರಳುತ್ತಿದೆಯೇ ಎಂಬುದು ಕಾನೂನಿನ ಲೆಕ್ಕಕ್ಕೆ ಬರುವುದು ತೀರಾ ಕಡಿಮೆ ಎಂಬುದು ಈ ಲೇಖನದ ವಾದ.

ಮೋಟಾರು ವಾಹನ ಕಾಯ್ದೆ, 1988

ಕಾಯ್ದೆಯ 132ನೇ ಕಲಂ ಚಾಲಕ ಗಾಡಿ ನಿಲ್ಲಿಸಬೇಕಾದ ಸಂದರ್ಭಗಳನ್ನು ಹೇಳುತ್ತದೆ. ಅಲ್ಲಿ 'ಪ್ರಾಣಿ' ಎಂದರೆ ಕುದುರೆ, ದನ, ಆನೆ, ಒಂಟೆ, ಕತ್ತೆ, ಹೇಸರಗತ್ತೆ, ಕುರಿ, ಮೇಕೆ ಇಷ್ಟೇ. ನಾಯಿ ಇಲ್ಲ, ಜಿಂಕೆ, ಚಿರತೆ, ಕಾಡುಹಂದಿ ಇಲ್ಲ. ಆನೆ ಪಟ್ಟಿಯಲ್ಲಿದ್ದರೂ ಅಪಘಾತದ ನಂತರ ನಿಲ್ಲಬೇಕಾದ ಹೊಣೆ ಹುಟ್ಟುವುದು ಸಮವಸ್ತ್ರದಲ್ಲಿರುವ ಸಬ್‌ಇನ್‌ಸ್ಪೆಕ್ಟರ್ ಅಥವಾ ಅವರಿಗಿಂತ ಮೇಲಿನ ಅಧಿಕಾರಿ ಕೇಳಿದಾಗ. ನಡುರಾತ್ರಿ ಲೊಕ್ಕನಹಳ್ಳಿ ಕಡೆಯ ಕಾಡುದಾರಿಯಲ್ಲಿ ಅಂಥ ಅಧಿಕಾರಿ ಇರುವುದಾದರೂ ಹೇಗೆ?

134ನೇ ಕಲಂ ಇನ್ನಷ್ಟು ಮುಖ್ಯವಾದದ್ದು. ವ್ಯಕ್ತಿಗೆ ಗಾಯವಾದರೆ ಅಥವಾ ಮೂರನೆಯವರ ಆಸ್ತಿಗೆ ಹಾನಿಯಾದರೆ ಅದು ಅನ್ವಯಿಸುತ್ತದೆ. ಗಾಯಾಳುವಿಗೆ ಚಿಕಿತ್ಸೆ ಕೊಡಿಸುವುದು, ಸ್ಥಳದಲ್ಲಿ ಪೊಲೀಸರಿಲ್ಲದಿದ್ದರೆ 24 ಗಂಟೆಯೊಳಗೆ ಹತ್ತಿರದ ಠಾಣೆಗೆ ತಿಳಿಸುವುದು, ವಿಮಾ ಕಂಪನಿಗೆ ಮಾಹಿತಿ ಕೊಡುವುದು ಚಾಲಕನ ಕರ್ತವ್ಯ. ತಪ್ಪಿದರೆ 187ನೇ ಕಲಮಿನಡಿ ಆರು ತಿಂಗಳವರೆಗೆ ಸಜೆ ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಬೆಂಗಳೂರಿನಲ್ಲಿ ಕಾರಿಗೆ ಸಿಕ್ಕಿ ಸತ್ತ ಸಾಕುನಾಯಿಯ ಪ್ರಕರಣದಲ್ಲಿ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರು 2022ರ ಅಕ್ಟೋಬರಿನಲ್ಲಿ ಚಾಲಕನ ಮೇಲಿನ ಮೊಕದ್ದಮೆ ರದ್ದುಪಡಿಸಿದರು. 134ನೇ ಕಲಂ ಗಾಯಗೊಂಡ ವ್ಯಕ್ತಿಯ ಬಗ್ಗೆ ಹೇಳುತ್ತದೆ, ಪ್ರಾಣಿಯ ಬಗ್ಗೆ ಅಲ್ಲ. ದುಡುಕಿನ ಚಾಲನೆಯ ಕಲಂ ಮನುಷ್ಯಜೀವಕ್ಕೆ ಸಂಬಂಧಿಸಿದ್ದು. ಪ್ರಾಣಿಯನ್ನು ಕೊಂದು ನಷ್ಟ ಮಾಡಿದ ಅಪರಾಧಕ್ಕೆ ದುರುದ್ದೇಶ ಬೇಕು ಎಂಬುದು ತೀರ್ಪಿನ ಸಾರ. ಆ ಅಪರಾಧ ಈಗ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಮಿನಲ್ಲಿದೆ.

ಚಿಕಿತ್ಸೆಯ ಮಟ್ಟಿಗೆ ಕಾಯ್ದೆಯ ಪದಗಳು ಈ ತೀರ್ಪಿಗೆ ಪೂರಕವಾಗಿವೆ. ಆದರೆ ಠಾಣೆಗೆ ತಿಳಿಸುವ ಕರ್ತವ್ಯವನ್ನು 'ಮೂರನೆಯವರ ಆಸ್ತಿ' ಎಂಬ ಮಾತಿನೊಂದಿಗೆ ಓದಬೇಕು. ಹನೂರಿನ ರೈತನ ಎತ್ತು ಸತ್ತರೆ ಅವನ ಬೇಸಾಯವೇ ನಿಲ್ಲುತ್ತದೆ. ಆ ಎತ್ತು ಆಸ್ತಿಯಾದರೆ ವರದಿ ಮಾಡುವ ಹೊಣೆಯೂ ಉಳಿಯಬೇಕು. ಜಾನುವಾರು ಪ್ರಕರಣದಲ್ಲಿ ಈ ಪ್ರಶ್ನೆಯನ್ನು ನ್ಯಾಯಾಲಯದ ಮುಂದೆ ಎತ್ತುವುದು ಅಗತ್ಯ. ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಆಸ್ತಿಹಾನಿಯ ಪರಿಹಾರ ಕೇಳಿ ಆರು ತಿಂಗಳೊಳಗೆ ಅರ್ಜಿ ಹಾಕಬಹುದು. ಕಿವಿಯ ಹಳದಿ ಓಲೆಯ 12 ಅಂಕಿ ಕಾಣುವಂತೆ ತೆಗೆದ ಫೋಟೊ, ಪಶುವೈದ್ಯರ ಮರಣೋತ್ತರ ವರದಿ, ಠಾಣೆಯ ಸ್ವೀಕೃತಿ, ಗಾಡಿಯ ನಂಬರು: ರೈತನಿಗೆ ಆಧಾರವಾಗುವುದು ಇವೇ. ಚಾಲಕ ನಿಲ್ಲದೆ ಹೋದರೆ ಕೊನೆಯದು ಸಿಗುವುದಿಲ್ಲ, ಉಳಿದವು ವ್ಯರ್ಥ.

ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972

ಕಾಡಿನೊಳಗೆ ಚಿತ್ರ ಬೇರೆ. 39ನೇ ಕಲಮಿನ ಪ್ರಕಾರ ಸತ್ತು ಬಿದ್ದ ಅಥವಾ ತಪ್ಪಿ ಕೊಂದ ವನ್ಯಪ್ರಾಣಿ ಸರ್ಕಾರದ ಸ್ವತ್ತು. ಅದನ್ನು ವಶಕ್ಕೆ ಪಡೆದವರು 48 ಗಂಟೆಯೊಳಗೆ ಠಾಣೆಗೆ ಅಥವಾ ಅಧಿಕೃತ ಅಧಿಕಾರಿಗೆ ತಿಳಿಸಬೇಕು. ಅಂದರೆ ಜಿಂಕೆಯನ್ನು ಗಾಡಿಗೆ ಹಾಕಿಕೊಂಡವನಿಗೆ ಈ ಹೊಣೆ ಇದೆ. ರಸ್ತೆಯಲ್ಲೇ ಬಿಟ್ಟು ಓಡಿದವನಿಗೆ ಇಲ್ಲ. 27ನೇ ಕಲಮಿನ ಎರಡನೇ ಉಪಕಲಂ ಪ್ರಕಾರ ಅಭಯಾರಣ್ಯದಲ್ಲಿ ವಾಸಿಸುವ ಪ್ರತಿಯೊಬ್ಬರೂ ವನ್ಯಪ್ರಾಣಿಯ ಸಾವನ್ನು ವರದಿ ಮಾಡಬೇಕು, ಅಧಿಕಾರಿ ಬರುವತನಕ ಕಳೇಬರ ಕಾಯಬೇಕು. ಹುಲಿ ಸಂರಕ್ಷಿತ ಪ್ರದೇಶಕ್ಕೂ ಇದು ಅನ್ವಯಿಸುತ್ತದೆ. ಹೀಗಾಗಿ ಬಿಳಿಗಿರಿರಂಗನಬೆಟ್ಟದ ಪೋಡಿನಲ್ಲಿರುವ ಸೋಲಿಗರು ಅದಕ್ಕೆ ಬದ್ಧರು. ಅದೇ ಕಲಮಿನ ಮೊದಲ ಉಪಕಲಂ ಸಾರ್ವಜನಿಕ ಹೆದ್ದಾರಿಯಲ್ಲಿ ಹಾದುಹೋಗುವವನಿಗೆ ಪ್ರವೇಶ ನಿರ್ಬಂಧದಿಂದ ವಿನಾಯಿತಿ ಕೊಡುತ್ತದೆ, ಪ್ರತಿಯಾಗಿ ಯಾವ ಹೊಣೆಯನ್ನೂ ಹೊರಿಸುವುದಿಲ್ಲ. ಪ್ರಾಣಿಯನ್ನು ಕೊಂದ ಚಾಲಕನಿಗಿಲ್ಲದ ಕರ್ತವ್ಯ ಅದರ ಪಕ್ಕದಲ್ಲಿ ಬದುಕುವವನ ಮೇಲಿರುವುದು ನ್ಯಾಯವಲ್ಲ.

ಕಾಯ್ದೆಯ 'ಬೇಟೆ'ಯ ವ್ಯಾಖ್ಯೆಯಲ್ಲಿ ಕೊಲ್ಲುವುದು, ಗಾಯಗೊಳಿಸುವುದು ಎರಡೂ ಸೇರಿವೆ. ಗುದ್ದಿದ್ದು ಆಕಸ್ಮಿಕವೇ ಆದರೂ ಮೊಕದ್ದಮೆಯಾದೀತು, ಗಾಡಿ ಜಪ್ತಿಯಾದೀತು ಎಂಬ ಭಯ ಚಾಲಕನನ್ನು ಓಡಿಸುತ್ತದೆ. ಓಡಿಹೋದರೆ ಲಾಭ, ತಿಳಿಸಿದರೆ ನಷ್ಟ ಎಂಬಂತಿರುವ ವ್ಯವಸ್ಥೆಯಲ್ಲಿ ಕಾಲು ಮುರಿದ ಜಿಂಕೆ ಬೆಳಗಿನತನಕ ಚರಂಡಿಯಲ್ಲಿ ನರಳುತ್ತದೆ.

ಆಗಬೇಕಾದದ್ದು

ಬ್ರಿಟನ್ನಿನ ರಸ್ತೆ ಸಂಚಾರ ಕಾಯ್ದೆಯೂ 1988ರದ್ದೇ. ಅದರ 170ನೇ ಕಲಂ ನಾಯಿಯನ್ನೂ ಹಂದಿಯನ್ನೂ ಹೆಸರಿಸುತ್ತದೆ. ಯಾರೂ ಕೇಳದಿದ್ದರೂ ಚಾಲಕ ನಿಲ್ಲಬೇಕು. ಆದರೆ ಅಲ್ಲೂ ಕಾಡುಪ್ರಾಣಿಗೆ ಜಾಗವಿಲ್ಲ. ನಮ್ಮದೇ ಜಿಲ್ಲೆಯ ಬಂಡೀಪುರದಲ್ಲಿ 2009ರಿಂದ ಇರುವ ರಾತ್ರಿ ಸಂಚಾರ ನಿರ್ಬಂಧ ಡಿಕ್ಕಿಯನ್ನು ತಡೆಯುವ ಕ್ರಮ. ಡಿಕ್ಕಿಯ ನಂತರ ಏನು ಮಾಡಬೇಕೆಂಬುದಕ್ಕೆ ಅದರಲ್ಲಿ ಉತ್ತರವಿಲ್ಲ.

ಆದ್ದರಿಂದ 132 ಮತ್ತು 134ನೇ ಕಲಮುಗಳಿಗೆ ಸಂಸತ್ತು ತಿದ್ದುಪಡಿ ತರಬೇಕು. ಸಾಕಿದ್ದಾಗಲಿ, ಬೀದಿಯದಾಗಲಿ, ಕಾಡಿನದಾಗಲಿ, ಪ್ರಾಣಿಗೆ ಗುದ್ದಿದ ಚಾಲಕ ಸುರಕ್ಷಿತ ಅಂತರದಲ್ಲಿ ನಿಂತು ಕೂಡಲೇ ತಿಳಿಸಲೇಬೇಕು ಎಂಬ ಒಂದೇ ನಿಯಮ ಬರಬೇಕು. ತಾನಾಗಿ ತಿಳಿಸಿದವನಿಗೆ ಗಾಡಿ ಜಪ್ತಿಯಿಂದ ರಕ್ಷಣೆ ಇರಬೇಕು. ಮುಚ್ಚಿಟ್ಟವನಿಗೆ ಶಿಕ್ಷೆ ಹೆಚ್ಚಬೇಕು. ತಿದ್ದುಪಡಿಗೆ ಕಾಯದೆ ಆಗಬಹುದಾದ ಕೆಲಸವೂ ಇದೆ. ಜಾನುವಾರಿಗೆ 1962, ವನ್ಯಪ್ರಾಣಿಗೆ ಅರಣ್ಯ ಇಲಾಖೆಯ 1926, ಪೊಲೀಸರಿಗೆ 112. ಈ ಮೂರು ಸಂಖ್ಯೆಗಳನ್ನು ಗುಂಬಳ್ಳಿಯಲ್ಲೂ ತಾಳುಬೆಟ್ಟದಲ್ಲೂ ದೊಡ್ಡ ಅಕ್ಷರದ ಫಲಕದಲ್ಲಿ ಹಾಕಬೇಕು, ಚಾಲನಾ ಪರವಾನಗಿಯ ಪರೀಕ್ಷೆಯಲ್ಲಿ ಕೇಳಬೇಕು. ಸಂವಿಧಾನದ 51ಎ(ಜಿ) ವಿಧಿ ಜೀವಿಗಳ ಮೇಲಿನ ಅನುಕಂಪವನ್ನು ಪ್ರತಿ ಪ್ರಜೆಯ ಮೂಲಭೂತ ಕರ್ತವ್ಯವೆನ್ನುತ್ತದೆ. ಗಾಡಿ ನಿಲ್ಲಿಸಿ ಒಂದು ಕರೆ ಮಾಡುವುದು ಆ ಕರ್ತವ್ಯದ ಅತ್ಯಂತ ಚಿಕ್ಕ ಪಾಲು. ಅದನ್ನೂ ಕಡ್ಡಾಯ ಮಾಡದ ರಸ್ತೆ ಕಾನೂನು ಕಾಡಂಚಿನ ಈ ಮೂರು ತಾಲ್ಲೂಕುಗಳಿಗೆ ಸಾಲದು.